ಅಟ್ಟದ ಮೇಲಿನ ಒರಗು ಸೈಕಲ್ ಮತ್ತೆ ರಸ್ತೆಗೆ: ಮನೆಯಲ್ಲೇ ರಿಪೇರಿ ಮಾಡುವ ಕ್ರಮ

ನಮ್ಮ ಮಾಮಾ ನೆದರ್‌ಲ್ಯಾಂಡ್ಸ್‌ನಲ್ಲಿ ಕೆಲಸಕ್ಕಿದ್ದಾಗ ಕೊಂಡಿದ್ದ ರಿಕಂಬೆಂಟ್ ಸೈಕಲ್, ಬೆಳಗಾವಿಯ ಟಿಳಕವಾಡಿಯಲ್ಲಿರುವ ನಮ್ಮ ಮನೆಯ ಅಟ್ಟದ ಮೇಲೆ 12 ವರ್ಷ ಹಾಗೇ ಬಿದ್ದಿತ್ತು. ಕೆಳಗಿಳಿಸಿದ ದಿನ ಓಣಿಯ ಸೈಕಲ್ ಮಿಸ್ತ್ರಿ ಕಾಕಾ ಬಂದು ಸುತ್ತ ಒಂದು ರೌಂಡ್ ನೋಡಿ, "ಇದೇನೋ ತಮ್ಮಾ, ಕುರ್ಚಿಗೆ ಗಾಲಿ ಹಚ್ಚ್ಯಾರಲ್ಲ!" ಅಂದರು. ಸರಿಯಾದ ಮಾತೇ. ಹಿಂದಕ್ಕೆ ಒರಗಿ ಕೂತು, ಕಾಲು ಮುಂದೆ ಚಾಚಿ ತುಳಿಯುವ ಸೈಕಲ್ ಇದು. ನಾನು ಇದನ್ನು ಒರಗು ಸೈಕಲ್ ಅಂತಲೇ ಕರೆಯುತ್ತೇನೆ.

ಇದು ಹೊಸ ಆಟಿಕೆ ಅಲ್ಲ. 1933ರ ಜುಲೈ 7ರಂದು ಪ್ಯಾರಿಸ್‌ನಲ್ಲಿ ಫ್ರಾನ್ಸಿಸ್ ಫೋರ್ ಎಂಬ ಸವಾರ, ಚಾರ್ಲ್ಸ್ ಮೋಶೆ ತಯಾರಿಸಿದ ಇಂಥ ಸೈಕಲ್ ಮೇಲೆ ಒಂದು ಗಂಟೆಯಲ್ಲಿ 45.055 ಕಿ.ಮೀ. ಓಡಿಸಿದ. 1914ರಿಂದ ಯಾರೂ ಮುರಿಯದಿದ್ದ ದಾಖಲೆ ಅವತ್ತು ಮುರಿಯಿತು. ಮರುವರ್ಷವೇ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಈ ಬಗೆಯ ಸೈಕಲ್ಲನ್ನು ರೇಸ್‌ಗಳಿಂದ ಹೊರಗಿಟ್ಟಿತು. ಹಾಗಾಗಿ ದೊಡ್ಡ ಕಂಪನಿಗಳು ಇದರ ಕಡೆ ಜಾಸ್ತಿ ತಿರುಗಿ ನೋಡಲಿಲ್ಲ. ಬಿಡಿಭಾಗ ಸಿಗುವುದು ಇವತ್ತಿಗೂ ಕಷ್ಟ.

ಆದರೆ ಬೆಳಗಾವಿಯಲ್ಲಿ ಇರುವವರಿಗೆ ಒಂದು ಅನುಕೂಲ ಇದೆ. ಉದ್ಯಮಬಾಗದಲ್ಲಿ ಲೇತ್ ಇದೆ, ಫೌಂಡ್ರಿ ಇದೆ, ಪೌಡರ್ ಕೋಟಿಂಗ್ ಇದೆ. ಸಿಗದ ಭಾಗವನ್ನು ಮಾಡಿಸಿಕೊಳ್ಳಬಹುದು. ಏನು ಮಾಡಿಸಬೇಕು, ಯಾವುದನ್ನು ಮೊದಲು ಮಾಡಬೇಕು ಅನ್ನುವುದು ಗೊತ್ತಿದ್ದರೆ ಸಾಕು. ನನಗೆ ಆ ಕ್ರಮ ಗೊತ್ತಿರಲಿಲ್ಲ. ಮೊದಲು ಬಣ್ಣಕ್ಕೆ ಕೈ ಹಾಕಿ ಎರಡು ತಿಂಗಳು ಕಳೆದುಕೊಂಡೆ. ಇಂಥ ಸೈಕಲ್ಲಿನಲ್ಲಿ ಮೊದಲು ನಿಮ್ಮ ಮೈಗೆ ಹೊಂದಿಸಬೇಕು, ಆಮೇಲೆ ಚೈನ್, ಆಮೇಲೆ ಉಳಿದದ್ದು. ಬಣ್ಣ ಎಲ್ಲಕ್ಕಿಂತ ಕೊನೆಗೆ.

ಬಿಚ್ಚುವ ಮೊದಲು

ಪಾನಾ ಹಿಡಿಯುವ ಮುಂಚೆ ಮೊಬೈಲ್ ಹಿಡಿಯಿರಿ. ಎರಡೂ ಬದಿಯಿಂದ ಫೋಟೋ ತೆಗೆಯಿರಿ. ಮುಖ್ಯವಾಗಿ ಚೈನ್ ಹೋಗುವ ದಾರಿಯದು: ಯಾವ ಗಾಲಿಯ ಮೇಲಿಂದ ಹೋಗುತ್ತದೆ, ಯಾವುದರ ಕೆಳಗಿಂದ ಬರುತ್ತದೆ, ಯಾವ ಪೈಪಿನೊಳಗೆ ನುಗ್ಗುತ್ತದೆ. ಬಿಚ್ಚಿದ ಮೇಲೆ ಇದು ನೆನಪಿರುವುದಿಲ್ಲ.

ಆಮೇಲೆ ಒಂದು ಅಯಸ್ಕಾಂತ ತಂದು ಫ್ರೇಮಿಗೆ ಹಚ್ಚಿ ನೋಡಿ. ಅಂಟಿಕೊಂಡರೆ ಉಕ್ಕು. ಅಂಟದಿದ್ದರೆ ಹೆಚ್ಚಿನ ಮಟ್ಟಿಗೆ ಅಲ್ಯೂಮಿನಿಯಂ. ಈ ವ್ಯತ್ಯಾಸ ಬಹಳ ದೊಡ್ಡದು. ಉಕ್ಕಿನ ಫ್ರೇಮ್ ಬಿರುಕು ಬಿಟ್ಟಿದ್ದರೆ ಒಳ್ಳೆಯ ವೆಲ್ಡರ್ ಸರಿಮಾಡಬಲ್ಲರು. ಅಲ್ಯೂಮಿನಿಯಂ ಫ್ರೇಮಿಗೆ ಬೆಸುಗೆ ಹಾಕಿದರೆ ಆ ಜಾಗದ ಲೋಹ ಮೆತ್ತಗಾಗುತ್ತದೆ. ಮತ್ತೆ ಲೆಕ್ಕ ಹಿಡಿದು ಕಾಯಿಸಿ ಹದ ಮಾಡದೆ ಮೊದಲಿನ ಗಟ್ಟಿತನ ಬರುವುದಿಲ್ಲ. ಬಿರುಕು ಬಿಟ್ಟ ಅಲ್ಯೂಮಿನಿಯಂ ಫ್ರೇಮನ್ನು ಗೋಡೆಗೆ ತೂಗುಹಾಕಿ, ಅದರ ಮೇಲೆ ಸವಾರಿ ಬೇಡ.

ಬಿರುಕು ಹುಡುಕುವುದು ಹೇಗೆ? ಒದ್ದೆ ಬಟ್ಟೆಯಿಂದ ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಬೆಸುಗೆಯ ಅಂಚು, ಸೀಟ್ ಕೂರುವ ಬ್ರಾಕೆಟ್, ಫೋರ್ಕಿನ ಕುತ್ತಿಗೆ, ಪೆಡಲ್ ಹೊತ್ತಿರುವ ಮುಂದಿನ ಕೊಳವೆ ಫ್ರೇಮಿನೊಳಗೆ ಹೋಗುವ ಬಾಯಿ, ಈ ನಾಲ್ಕು ಕಡೆ ನಿಧಾನವಾಗಿ ನೋಡಿ. ಬಣ್ಣದಲ್ಲಿ ಕೂದಲೆಳೆಯಂಥ ಗೆರೆ, ಅದರ ಬಾಯಲ್ಲಿ ಕಂದು ತುಕ್ಕು ಕಂಡರೆ ಅನುಮಾನ ಪಡಿ.

ಮೊದಲು ಕಾಲಿನ ಅಳತೆ

ಮಾಮೂಲಿ ಸೈಕಲ್ಲಿನಲ್ಲಿ ಸೀಟು ಸ್ವಲ್ಪ ಮೇಲೆ ಕೆಳಗೆ ಇದ್ದರೂ ನಾವು ಸರಿದು ಕೂತು ಹೊಂದಿಸಿಕೊಳ್ಳುತ್ತೇವೆ. ಒರಗು ಸೈಕಲ್ಲಿನಲ್ಲಿ ಬೆನ್ನು ಸೀಟಿಗೆ ಅಂಟಿರುತ್ತದೆ. ಸರಿಯಲು ಜಾಗವೇ ಇಲ್ಲ. ಪೆಡಲ್ ಒಂದು ಇಂಚು ಹತ್ತಿರ ಇದ್ದರೆ ಮಂಡಿ ನೋಯುತ್ತದೆ, ಒಂದು ಇಂಚು ದೂರ ಇದ್ದರೆ ಸೊಂಟ ಜಾರುತ್ತದೆ, ಹಿಮ್ಮಡಿ ಎಳೆಯುತ್ತದೆ.

ಗೋಡೆಗೆ ಬೆನ್ನು ಒತ್ತಿ ನೆಲದ ಮೇಲೆ ಕೂತು ಕಾಲು ನೇರ ಚಾಚಿ. ದಿನಾ ಹಾಕುವ ಶೂ ಕಾಲಲ್ಲಿರಲಿ. ಗೋಡೆಯಿಂದ ಅಂಗಾಲಿನವರೆಗೆ ಟೇಪ್ ಹಿಡಿದು ಅಳೆಯಿರಿ. ಒರಗು ಸೈಕಲ್ ಕೊಳ್ಳುವಾಗ ಎಲ್ಲರೂ ಕೇಳುವ ಅಳತೆ ಇದೇ. ಒಬ್ಬರೇ ಅಳೆಯಲು ಹೋಗಬೇಡಿ, ಮನೆಯವರನ್ನು ಕರೆಯಿರಿ.

ಈಗ ಸೈಕಲ್ಲನ್ನು ಗೋಡೆಗೆ ಒರಗಿಸಿ, ಇನ್ನೊಬ್ಬರು ಹಿಡಿದಿರಲಿ. ಸೀಟಲ್ಲಿ ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಅತಿ ದೂರದ ಜಾಗಕ್ಕೆ ತಿರುಗಿಸಿ. ಹಿಮ್ಮಡಿ ಇಟ್ಟಾಗ ಕಾಲು ಪೂರ್ತಿ ನೇರ ಆಗಬೇಕು. ಆಗ ಪಾದದ ಮುಂಭಾಗ ಇಟ್ಟು ತುಳಿದರೆ ಮಂಡಿ ತುಸು ಬಾಗಿರುತ್ತದೆ. ಅದೇ ಸರಿಯಾದ ದೂರ. ಮುಂದಿನ ಕೊಳವೆಯ ಬೋಲ್ಟ್ ಸಡಿಲಿಸಿ ಒಳಗೆ ಹೊರಗೆ ಮಾಡಿ ಇದನ್ನು ಹೊಂದಿಸಬೇಕು. ಸಿಕ್ಕ ಮೇಲೆ ಮಾರ್ಕರ್‌ನಿಂದ ಗುರುತು ಹಾಕಿ. ಕೊಳವೆಯನ್ನು ಪೂರ್ತಿ ಹೊರಗೆಳೆದರೂ ದೂರ ಸಾಲದಿದ್ದರೆ ಬೇರೆ ಕೊಳವೆ ಮಾಡಿಸಬೇಕು. ಫ್ರೇಮಿನೊಳಗೆ ಕನಿಷ್ಠ 8 ಸೆಂ.ಮೀ. ಉಳಿಯಲೇಬೇಕು ಅನ್ನುವುದು ನಾನು ಇಟ್ಟುಕೊಂಡ ನಿಯಮ.

ನಮ್ಮ ಸೈಕಲ್ಲಿನಲ್ಲಿ ಈ ಕೊಳವೆ ಜಗ್ಗಲೇ ಇಲ್ಲ. ಬೆಳಗಾವಿಯ ಮಳೆಗಾಲದ ತೇವ ಅಟ್ಟಕ್ಕೂ ಹೋಗಿತ್ತು. ಸುತ್ತಿಗೆಯಿಂದ ಬಡಿಯಬೇಡಿ. ಬೋಲ್ಟ್ ಪೂರ್ತಿ ತೆಗೆದು, ತುಕ್ಕು ಬಿಡಿಸುವ ಎಣ್ಣೆಯನ್ನು ಸೀಳಿನೊಳಗೆ ಬಿಟ್ಟು ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಮತ್ತೆ ಎಣ್ಣೆ. ಮೂರನೇ ದಿನ, ಇಬ್ಬರು ಹಿಡಿದು ಎಡಕ್ಕೆ ಬಲಕ್ಕೆ ತಿರುವಿದಾಗ ಕರ್ ಅಂತ ಸದ್ದಾಗಿ ಅಲುಗಿತು.

ಬಿಚ್ಚುವುದು, ತೊಳೆಯುವುದು

ಎರಡು ಕಡೆ ಎಲ್ಲರೂ ತಪ್ಪುತ್ತಾರೆ. ಎಡಗಡೆಯ ಪೆಡಲ್ ಉಲ್ಟಾ ಥ್ರೆಡ್, ಅಂದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಹೆಚ್ಚಿನ ಸೈಕಲ್ಲುಗಳಲ್ಲಿ ಬಿಬಿ ಸೆಟ್ಟಿನ (ಪೆಡಲ್ ತಿರುಗುವ ಅಚ್ಚು, ಅದರ ಬೇರಿಂಗ್) ಬಲಗಡೆಯ ಕಪ್ ಕೂಡ ಉಲ್ಟಾ ಥ್ರೆಡ್. ತಪ್ಪು ದಿಕ್ಕಿಗೆ ಜೋರು ಹಾಕಿದರೆ ಥ್ರೆಡ್ ಹೋಗುತ್ತದೆ.

ತುಕ್ಕು ಹಿಡಿದ ಉಕ್ಕಿನ ಸಣ್ಣ ಭಾಗಗಳನ್ನು ನಿಂಬೆ ಉಪ್ಪು ಕರಗಿಸಿದ ನೀರಲ್ಲಿ ಕೆಲವು ಗಂಟೆ ನೆನೆಸಿ. ಆಮೇಲೆ ಅಡುಗೆ ಸೋಡಾ ಹಾಕಿದ ನೀರಲ್ಲಿ ತೊಳೆದು, ಕೂಡಲೇ ಒಣಗಿಸಿ ಎಣ್ಣೆ ಹಚ್ಚಿ. ಚೈನ್, ಸ್ಪ್ರಿಂಗ್, ಅಲ್ಯೂಮಿನಿಯಂ ಭಾಗಗಳನ್ನು ಮಾತ್ರ ಇದರಲ್ಲಿ ಹಾಕಬೇಡಿ. ಹುಳಿ ನೀರಲ್ಲಿ ನೆನೆದ ಗಟ್ಟಿ ಉಕ್ಕು ಪೆಡಸಾಗಿ ಮುರಿಯಬಹುದು.

ಬೇರಿಂಗ್ ಗುಂಡುಗಳನ್ನು ಹಳೆಯದೇ ಹಾಕುವ ಆಸೆ ಬೇಡ. ಯಾವ ಸೈಕಲ್ ಅಂಗಡಿಯಲ್ಲಾದರೂ ಸಿಗುತ್ತವೆ. ಮುಂದಿನ ಗಾಲಿಯ ನಡುವಿನ ಹಬ್‌ಗೆ ಸಾಮಾನ್ಯವಾಗಿ 3/16 ಇಂಚಿನವು ಬದಿಗೆ 10, ಹಿಂದಿನದಕ್ಕೆ 1/4 ಇಂಚಿನವು ಬದಿಗೆ 9. ಆದರೂ ಹಳೆಯ ಗುಂಡು ಒಂದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ.

ಚೈನ್: ಇಲ್ಲಿ ಅವಸರ ಬೇಡ

ಮಾಮೂಲಿ ಗೇರ್ ಸೈಕಲ್ಲಿನ ಚೈನ್ ಪ್ಯಾಕೆಟ್ಟಿನಲ್ಲಿ ಸುಮಾರು 116 ಕೊಂಡಿ ಇರುತ್ತವೆ. ಒರಗು ಸೈಕಲ್ಲಿಗೆ ಎರಡೂವರೆಯಿಂದ ಮೂರು ಚೈನ್ ಬೇಕು. ನಮ್ಮದಕ್ಕೆ 292 ಕೊಂಡಿ ಹಿಡಿಯಿತು. ಮೂರೂ ಪ್ಯಾಕೆಟ್ ಒಂದೇ ಕಂಪನಿಯ ಒಂದೇ ಮಾದರಿಯವಾಗಿರಲಿ. ಬೇರೆ ಬೇರೆ ಸೇರಿಸಿದರೆ ಜೋಡಿಸಿದ ಜಾಗ ಹಾದುಹೋಗುವಾಗೆಲ್ಲ ಗೇರ್ ತಡವರಿಸುತ್ತದೆ.

ಹಳೆಯ ಚೈನ್ ಇಟ್ಟುಕೊಳ್ಳಬಹುದೇ ಅಂತ ನೋಡಲು ಉಕ್ಕಿನ ಸ್ಕೇಲ್ ಸಾಕು. 24 ಕೊಂಡಿ ಅಂದರೆ ಸರಿಯಾಗಿ 12 ಇಂಚು. ಅದು 1/16 ಇಂಚು ಜಾಸ್ತಿ ಆಗಿದ್ದರೆ ಚೈನ್ ಬದಲಿಸಿ. 1/8 ಇಂಚು ಆಗಿದ್ದರೆ ಹಿಂದಿನ ಗಾಲಿಯ ಹಲ್ಲುಚಕ್ರದ, ಅಂದರೆ ಫ್ರೀವೀಲಿನ, ಹಲ್ಲುಗಳೂ ಸವೆದಿರುತ್ತವೆ, ಅದನ್ನೂ ಬದಲಿಸಿ. ಕಾಲಿನ ಅಳತೆ ಮೊದಲು ತೆಗೆಯಲು ಹೇಳಿದ್ದು ಇದಕ್ಕೇ: ಪೆಡಲ್ ಕೊಳವೆ 1 ಇಂಚು ಮುಂದೆ ಹೋದರೆ ಮೇಲೆ ಕೆಳಗೆ ಸೇರಿ 2 ಇಂಚು ಚೈನ್ ಜಾಸ್ತಿ ಬೇಕು, ಅಂದರೆ 4 ಕೊಂಡಿ. ಮೊದಲು ಚೈನ್ ಕತ್ತರಿಸಿ ಆಮೇಲೆ ಕೊಳವೆ ಎಳೆದರೆ ಎಲ್ಲಾ ಮತ್ತೆ ಮೊದಲಿಂದ.

ಇಷ್ಟು ಉದ್ದದ ಚೈನ್ ಸೀಟಿನ ಕೆಳಗೆ ಹಾದುಹೋಗಲು ನಡುವೆ ಒಂದು ರಾಟೆ ಇರುತ್ತದೆ. ಬಾವಿಯ ರಾಟೆಯ ಹಾಗೇ, ಆದರೆ ಅಂಗೈಯಷ್ಟು. ಐಡ್ಲರ್ ಅನ್ನುತ್ತಾರೆ. ಚೈನಿನ ಎಳೆಯುವ ಬದಿ ಇದರ ಮೇಲಿಂದಲೋ ಕೆಳಗಿಂದಲೋ ಬಾಗುತ್ತದೆ. ಇದರ ಮೇಲೆ ಬೀಳುವ ಭಾರ ಎಷ್ಟು ಗೊತ್ತಾ? ನೀವು ಪೆಡಲ್ ಮೇಲೆ 40 ಕೆ.ಜಿ. ಒತ್ತಿದಿರಿ ಅಂದುಕೊಳ್ಳಿ. ಪೆಡಲ್ ಹಿಡಿದಿರುವ ತೋಳು (ಕ್ರ್ಯಾಂಕ್) 170 ಮಿ.ಮೀ., ಪೆಡಲ್ ಕಡೆಯ ಹಲ್ಲುಚಕ್ರ (ಚೈನ್ ವೀಲ್) 30 ಹಲ್ಲಿನದು ಆದರೆ ಅದರ ಅರ್ಧ ಅಗಲ ಸುಮಾರು 60 ಮಿ.ಮೀ. ಆಗ ಚೈನ್ ಮೇಲಿನ ಎಳೆತ 110 ಕೆ.ಜಿ. ದಾಟುತ್ತದೆ. ಚೈನ್ ಬಾಗಿದಷ್ಟೂ ಅದರ ಹೆಚ್ಚು ಪಾಲು ರಾಟೆಯ ಬೋಲ್ಟ್ ಮೇಲೆ ಬೀಳುತ್ತದೆ.

ನಮ್ಮ ಸೈಕಲ್ಲಿನ ರಾಟೆ ಕೈಗೆ ತೆಗೆದುಕೊಂಡು ನೋಡಿದೆ. ಪ್ಲಾಸ್ಟಿಕ್ಕಿನ ಒಂದು ಅಂಚಿನಲ್ಲಿ ಚೈನ್ ಕೊರೆದ ಗೆರೆ, ಉಗುರು ಪೂರ್ತಿ ಒಳಗೆ ಹೋಗುವಷ್ಟು ಆಳ. ತಿರುಗಿಸಿದರೆ ಮರಳು ಅರೆದ ಸದ್ದು. ಒಂದೇ ಬದಿ ಸವೆದಿದೆ ಅಂದರೆ ರಾಟೆ ಚೈನಿಗೆ ನೇರವಾಗಿಲ್ಲ ಅಂತ ಅರ್ಥ. ಒಂದು ಬಿಳಿ ದಾರವನ್ನು ಚೈನ್ ವೀಲ್‌ನಿಂದ ಹಿಂದಿನ ಫ್ರೀವೀಲಿನ ನಡು ಹಲ್ಲಿನವರೆಗೆ ಬಿಗಿಯಾಗಿ ಕಟ್ಟಿ, ಮೇಲಿನಿಂದ ಒಂದೇ ಕಣ್ಣಲ್ಲಿ ನೋಡಿ. ರಾಟೆಯ ಕಚ್ಚು ದಾರದ ಕೆಳಗೇ ಬರಬೇಕು. ನಮ್ಮದು 4 ಮಿ.ಮೀ. ಪಕ್ಕಕ್ಕಿತ್ತು. ಎರಡು ವಾಷರ್‌ಗಳಲ್ಲಿ ಸರಿಹೋಯಿತು.

ಹೊಸ ರಾಟೆಯನ್ನು ಉದ್ಯಮಬಾಗದಲ್ಲಿ ನೈಲಾನ್ ರಾಡಿನಿಂದ ಲೇತ್ ಮೇಲೆ ಮಾಡಿಸಿದೆ. ನೀವು ಮಾಡಿಸುವುದಾದರೆ ಈ ಅಳತೆ ಬರೆದುಕೊಳ್ಳಿ: ಹೊರಗಿನ ವ್ಯಾಸ 70 ಮಿ.ಮೀ., ಕಚ್ಚಿನ ತಳದಲ್ಲಿ ವ್ಯಾಸ 60 ಮಿ.ಮೀ., ಕಚ್ಚಿನ ಅಗಲ 9 ಮಿ.ಮೀ. ಒಳಗೆ 608 ನಂಬರಿನ ಎರಡು ಬೇರಿಂಗ್. ಸ್ಕೇಟಿಂಗ್ ಗಾಲಿಗೆ ಹಾಕುವುದು ಇದೇ, ಹೊರಗೆ 22, ಒಳಗೆ 8, ದಪ್ಪ 7 ಮಿ.ಮೀ. ಎರಡು ಬೇರಿಂಗ್ ನಡುವೆ ಒಂದು ಸಣ್ಣ ಕೊಳವೆ ಇರಲೇಬೇಕು, ಇಲ್ಲದಿದ್ದರೆ ಬೋಲ್ಟ್ ಬಿಗಿದಾಗ ಬೇರಿಂಗ್ ಹಿಡಿದುಕೊಳ್ಳುತ್ತದೆ. ಬೋಲ್ಟ್ ಮಾತ್ರ ತಲೆಯ ಮೇಲೆ 8.8 (ಗಟ್ಟಿತನದ ಗುರುತು) ಅಂತ ಬರೆದದ್ದೇ ಬೇಕು. ರಾಟೆ ಚಿಕ್ಕದಾದಷ್ಟೂ ಚೈನ್ ಜಾಸ್ತಿ ಬಾಗುತ್ತದೆ, ಜಾಸ್ತಿ ಶಕ್ತಿ ತಿನ್ನುತ್ತದೆ. ಜಾಗ ಇದ್ದಷ್ಟು ದೊಡ್ಡದು ಮಾಡಿಸಿ.

ಚೈನಿನ ಗ್ರೀಸ್ ಪ್ಯಾಂಟಿಗೆ ಹತ್ತದಂತೆ ಕಾಪಾಡುವ ಪ್ಲಾಸ್ಟಿಕ್ ಪೈಪ್ ಹಳೆಯದಾಗಿ ಒಡೆದಿತ್ತು. ಹೊರದೇಶದಿಂದ ತರಿಸಲು ಹೊರಟವನಿಗೆ ಬೈಲಹೊಂಗಲದ ಗೆಳೆಯ ಅವರ ಕಬ್ಬಿನ ಹೊಲದ ಡ್ರಿಪ್ ಪೈಪ್ ತೋರಿಸಿದ. 16 ಮಿ.ಮೀ.ನ ಪೈಪ್, ತೂತು ಇಲ್ಲದ್ದು. ಚೈನ್ ಸಲೀಸಾಗಿ ಹೋಗುತ್ತದೆ. ತುದಿಯನ್ನು ಕುದಿಯುವ ನೀರಲ್ಲಿ ಅದ್ದಿ, ಮೆತ್ತಗಾದ ಕೂಡಲೇ ಸೀಸೆಯ ಕುತ್ತಿಗೆಯನ್ನು ಒತ್ತಿ ಸ್ವಲ್ಪ ಅಗಲ ಮಾಡಿ, ತುತ್ತೂರಿಯ ಬಾಯಿಯ ಹಾಗೆ. ಹಾಗೆ ಮಾಡದಿದ್ದರೆ ಚೈನ್ ಆ ಅಂಚನ್ನು ಕೊರೆಯುತ್ತದೆ. ಪೈಪನ್ನು ಒಂದು ತುದಿಯಲ್ಲಿ ಮಾತ್ರ ಕಟ್ಟಿ. ಇನ್ನೊಂದು ತುದಿ ಅಲುಗಾಡಲಿ, ಗೇರ್ ಬದಲಾದಾಗ ಚೈನ್ ಜೊತೆ ಅದೂ ಸರಿಯಬೇಕು.

ಸೀಟು

ನಮ್ಮದು ಕೊಳವೆಯ ಚೌಕಟ್ಟಿಗೆ ಬಲೆ ಬಟ್ಟೆ ಎಳೆದು ಕಟ್ಟಿದ ಸೀಟು. ಬಟ್ಟೆ ಮುಟ್ಟಿದರೆ ಪುಡಿಯಾಗುತ್ತಿತ್ತು. ಲಾರಿಗೆ ತಾಡಪಾಲು ಹೊಲಿಯುವವರ ಹತ್ತಿರ ಹೊಸದು ಹೊಲಿಸಬಹುದು. ನಾನು ಆ ದಾರಿ ಬಿಟ್ಟು ಅಜ್ಜಿಯ ನವಾರದ ಮಂಚ ನೆನಪು ಮಾಡಿಕೊಂಡೆ. ಆದರೆ ಹತ್ತಿಯ ನವಾರ ಬೇಡ, ಬೆವರು ಮಳೆ ಕುಡಿದು ಜೋಲುತ್ತದೆ. ಖಡೇಬಜಾರ್ ಕಡೆ ಬ್ಯಾಗ್ ಹೊಲಿಯುವವರಿಗೆ ಮಾರುವ 2 ಇಂಚಿನ ಪಾಲಿಯೆಸ್ಟರ್ ಪಟ್ಟಿ ತಂದೆ, ಜೊತೆಗೆ ಎಳೆದು ಬಿಗಿಯುವ ಪ್ಲಾಸ್ಟಿಕ್ ಬಕಲ್.

ಒಂದೊಂದು ಪಟ್ಟಿಯನ್ನೂ ಚೌಕಟ್ಟಿನ ಒಂದು ಬದಿಯಿಂದ ಇನ್ನೊಂದು ಬದಿಗೆ ಅಡ್ಡ ಹಾಯಿಸಿ, ಹಿಂದೆ ಬಕಲ್ ಬರುವಂತೆ ಬಿಗಿಯಬೇಕು. ಬೆನ್ನಿಗೆ 9, ಕೂರುವ ಕಡೆ 5 ಹಿಡಿದವು. ಇದರ ಲಾಭ ಏನೆಂದರೆ ಪ್ರತಿ ಪಟ್ಟಿಯನ್ನೂ ಬೇರೆ ಬೇರೆ ಹದಕ್ಕೆ ತರಬಹುದು. ಸೊಂಟದ ಹತ್ತಿರದ ಎರಡು ಪಟ್ಟಿ ಬಿಗಿ ಇರಲಿ, ಅಲ್ಲೇ ಬೆನ್ನಿಗೆ ಆಸರೆ ಬೇಕು. ಭುಜದ ಹತ್ತಿರ ತುಸು ಸಡಿಲ. ತೊಡೆಯ ಕೆಳಗಿನ ಮುಂದಿನ ಪಟ್ಟಿ ಬಿಗಿ, ಇಲ್ಲದಿದ್ದರೆ ಮುಂದಕ್ಕೆ ಜಾರುತ್ತೀರಿ. ಕೂತ ಮೇಲೆ ಹಿಂದಿನಿಂದ ಯಾರಾದರೂ ಕೈ ಹಾಕಿ ನೋಡಲಿ: ಬೆನ್ನೆಲುಬು ಯಾವ ಅಡ್ಡ ಕೊಳವೆಗೂ ತಾಗಬಾರದು. ಅರ್ಧ ಗಂಟೆ ಕೂತು ಪೇಪರ್ ಓದಿ. ಎಲ್ಲಿ ಒತ್ತುತ್ತದೆ ಅಂತ ಆಗ ಗೊತ್ತಾಗುತ್ತದೆ, ಐದು ನಿಮಿಷದಲ್ಲಿ ಗೊತ್ತಾಗುವುದಿಲ್ಲ.

ಸೀಟಿನ ಕೋನವನ್ನು ಮೊಬೈಲಿನ ಲೆವೆಲ್ ಆ್ಯಪ್‌ನಿಂದ ನೋಡಬಹುದು. ರೇಸಿನವರು ನೆಲದಿಂದ 25 ಡಿಗ್ರಿಗೆ ಮಲಗಿಬಿಡುತ್ತಾರೆ. ಊರೊಳಗೆ ಓಡಿಸುವವರಿಗೆ, ಕಲಿಯುವವರಿಗೆ 45ರ ಆಸುಪಾಸು ಒಳ್ಳೆಯದು. ಕತ್ತು ನೋಯದೆ ರಸ್ತೆ ಕಾಣಬೇಕು ಅಲ್ವಾ.

ಗಾಲಿ, ಬ್ರೇಕ್, ಗೇರ್

ಹಳೆಯ ಒರಗು ಸೈಕಲ್ಲುಗಳಿಗೆ ಮುಂದೆ 20 ಇಂಚಿನ ಗಾಲಿ ಸಾಮಾನ್ಯ. 20 ಇಂಚು ಅಂತ ಕೇಳಿ ಟೈರ್ ತಂದರೆ ಮೋಸ ಹೋಗುತ್ತೀರಿ, ಯಾಕಂದರೆ ಅದರಲ್ಲಿ ಎರಡು ಜಾತಿ ಇವೆ. ಹಳೆಯ ಟೈರಿನ ಬದಿಯಲ್ಲಿ 47-406 ಥರದ ನಂಬರ್ ಹುಡುಕಿ. ಕೊನೆಗೆ 406 ಇದ್ದರೆ ಮಕ್ಕಳ ಸೈಕಲ್ಲಿನ 20 x 1.75 ಟೈರ್ ಕೂರುತ್ತದೆ, ಎಲ್ಲಾ ಕಡೆ ಸಿಗುತ್ತದೆ. 451 ಇದ್ದರೆ 20 x 1 3/8 ಬೇಕು, ಅದಕ್ಕೆ ಸ್ವಲ್ಪ ಹುಡುಕಾಟ.

ಬ್ರೇಕ್ ಶೂ ಹೊಸದು ಹಾಕಿ, ಗಟ್ಟಿಯಾದ ಹಳೆ ರಬ್ಬರ್ ಹಿಡಿಯುವುದಿಲ್ಲ. ಕೇಬಲ್ ತೊಂದರೆ ಕೊಡುತ್ತದೆ. ಮಾಮೂಲಿ ಕೇಬಲ್ ಹಿಂದಿನ ಬ್ರೇಕಿಗೆ ಉದ್ದ ಸಾಲುವುದಿಲ್ಲ. ಇಬ್ಬರು ತುಳಿಯುವ ಟ್ಯಾಂಡೆಮ್ ಸೈಕಲ್ಲಿನ ಕೇಬಲ್ ಆನ್‌ಲೈನಿನಲ್ಲಿ ತರಿಸಿ. ಎರಡು ತುಂಡು ಕೇಬಲ್‌ಗೆ ಸ್ಕ್ರೂ ಹಾಕಿ ಜೋಡಿಸುವ ಉಪಾಯವನ್ನು ಯಾರಾದರೂ ಹೇಳಿದರೆ ಬ್ರೇಕಿಗಂತೂ ಒಪ್ಪಬೇಡಿ. ಹ್ಯಾಂಡಲ್ ಸೀಟಿನ ಕೆಳಗಿದ್ದು, ಸಲಾಕೆಯಿಂದ ಫೋರ್ಕಿಗೆ ಜೋಡಿಸಿದ್ದರೆ ಅದರ ಎರಡೂ ತುದಿಯ ಗುಂಡು ಕೀಲು ಅಲುಗಾಡಿಸಿ ನೋಡಿ. ಕಟಕಟ ಅಂದರೆ ಬದಲಿಸಿ.

ಗೇರ್ ಬದಲಾಯಿಸುವುದು ನಿಜವಾಗಿ ಕೆಲಸಕ್ಕೆ ಬರುವ ಮಾರ್ಪಾಡು. ಒರಗು ಸೈಕಲ್ಲಿನಲ್ಲಿ ಏರು ಬಂದಾಗ ಎದ್ದು ನಿಂತು ತುಳಿಯಲು ಆಗುವುದಿಲ್ಲ. ಗೇರ್ ಮಾತ್ರ ಕಾಪಾಡಬೇಕು. ಲೆಕ್ಕ ಸುಲಭ: ಮುಂದಿನ ಹಲ್ಲನ್ನು ಹಿಂದಿನ ಹಲ್ಲಿನಿಂದ ಭಾಗಿಸಿ ಹಿಂದಿನ ಗಾಲಿಯ ಇಂಚಿನಿಂದ ಗುಣಿಸಿ. ಬಂದ ಸಂಖ್ಯೆ ಚಿಕ್ಕದಾದಷ್ಟೂ ಏರು ಹತ್ತುವುದು ಹಗುರ. ನಮ್ಮದರಲ್ಲಿ ಮೊದಲು 42ಕ್ಕೆ 28, ಗಾಲಿ 26 ಇಂಚು, ಬಂದದ್ದು 39. ಆ ಗೇರಿನಲ್ಲಿ ರಾಜಹಂಸಗಡದ ಏರಿನಲ್ಲಿ ಕಾಲು ಕೆಳಗಿಟ್ಟೆ. ಮುಂದೆ 30ರ ಚೈನ್ ವೀಲ್, ಹಿಂದೆ 14-34ರ ಫ್ರೀವೀಲ್ (ಚಿಕ್ಕ ಚಕ್ರಕ್ಕೆ 14 ಹಲ್ಲು, ದೊಡ್ಡದಕ್ಕೆ 34) ಹಾಕಿಸಿದ ಮೇಲೆ 23ಕ್ಕೆ ಇಳಿಯಿತು. ಈಗ ನಿಧಾನಕ್ಕೆ, ಮಾತಾಡುತ್ತಾ ಹತ್ತುತ್ತೇನೆ.

ಕಲಿಯುವುದು

ವರ್ಷಗಟ್ಟಲೆ ಸೈಕಲ್ ಹೊಡೆದವರೂ ಇದನ್ನು ಹೊಸದಾಗಿ ಕಲಿಯಬೇಕು. ಟಿಳಕವಾಡಿಯ ವ್ಯಾಕ್ಸಿನ್ ಡಿಪೋ ಮೈದಾನದ ಕಡೆ ಬೆಳಿಗ್ಗೆ ಆರಕ್ಕೆ ಹೋಗಿ. ಹಗುರ ಗೇರ್ ಹಾಕಿ, ಒಂದು ಪೆಡಲ್ ಮೇಲೆ ತಂದು, ಭುಜವನ್ನು ಸೀಟಿಗೆ ಒರಗಿಸಿ, ಒಂದೇ ಗಟ್ಟಿ ತುಳಿತ. ಹ್ಯಾಂಡಲ್ ಹಿಡಿದು ಎದ್ದೇಳಲು ನೋಡಿದರೆ ಸೈಕಲ್ ಹಾವಿನಂತೆ ಹೋಗುತ್ತದೆ. ಕೈ ಸಡಿಲ ಇರಲಿ, ಕಣ್ಣು ದೂರ ಇರಲಿ. ನನಗೆ ನಾಲ್ಕು ಬೆಳಗು ಹಿಡಿಯಿತು.

ದೊಡ್ಡ ರಸ್ತೆಗೆ ಇಳಿಯುವ ಮುಂಚೆ ಹಿಂದೆ ಉದ್ದನೆ ಕೋಲಿಗೆ ಕಿತ್ತಳೆ ಬಾವುಟ, ಎರಡೂ ಬದಿ ಕನ್ನಡಿ, ಹಗಲಲ್ಲೂ ಉರಿಯುವ ಹಿಂದಿನ ದೀಪ ಹಾಕಿ. ಕಬ್ಬಿನ ಸೀಸನ್ನಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳು ರಸ್ತೆ ತುಂಬಾ ಇರುತ್ತವೆ. ತಗ್ಗಿನಲ್ಲಿ ಕೂತ ನೀವು ಚಾಲಕರಿಗೆ ಕಾಣುವುದಿಲ್ಲ. ಅವುಗಳ ಪಕ್ಕದಲ್ಲಿ ನುಸುಳಬೇಡಿ, ನಿಂತು ಹೋಗಲು ಬಿಡಿ.

ಬಣ್ಣ

ಸುಮಾರು 200 ಕಿ.ಮೀ. ಓಡಿಸಿ, ಬ್ರಾಕೆಟ್, ರಾಟೆ, ಕೊಳವೆ ಎಲ್ಲ ಇದ್ದಲ್ಲೇ ಸರಿ ಅನ್ನಿಸಿದ ಮೇಲೆ ಬಣ್ಣ. ಮೊದಲೇ ಬಣ್ಣ ಮಾಡಿಸಿದ ನನಗೆ ಆಮೇಲೆ ರಾಟೆಯ ಬ್ರಾಕೆಟ್ ಬೆಸೆಯಲು ಅದನ್ನು ಸುಡಬೇಕಾಯಿತು. ಇನ್ನೊಂದು ತಪ್ಪೂ ಆಯಿತು. ಪೌಡರ್ ಕೋಟಿಂಗ್ ಮಾಡಿದವರು ಥ್ರೆಡ್‌ಗಳನ್ನು ಮುಚ್ಚದೆ ಪುಡಿ ಹೊಡೆದಿದ್ದರು. ಅದನ್ನು ಒಲೆಯಲ್ಲಿ 180ರಿಂದ 200 ಡಿಗ್ರಿಗೆ ಬೇಯಿಸುತ್ತಾರೆ, ಕಲ್ಲಾಗುತ್ತದೆ. ಬಿಬಿ ಕಪ್ ಒಳಗೆ ಹೋಗಲಿಲ್ಲ. ಎರಡು ದಿನ ಚೂಪು ಮೊಳೆ ಹಿಡಿದು ಒಂದೊಂದೇ ಸುತ್ತು ಕೆರೆದು ತೆಗೆದೆ. ನೀವು ಫ್ರೇಮ್ ಕೊಡುವ ಮುಂಚೆ ಹಳೆಯ ಬಿಬಿ ಕಪ್ಪುಗಳನ್ನೂ ಹಳೆಯ ಬೋಲ್ಟುಗಳನ್ನೂ ಎಲ್ಲಾ ಥ್ರೆಡ್ಡಿಗೆ ತಿರುಗಿಸಿಯೇ ಕೊಡಿ. ಕೊಳವೆ ಜಾರುವ ಜಾಗಕ್ಕೆ ಬಣ್ಣ ಬೇಡ ಅಂತ ಚೀಟಿ ಬರೆದು ಫ್ರೇಮಿಗೇ ಕಟ್ಟಿ. ರಬ್ಬರ್, ಪ್ಲಾಸ್ಟಿಕ್ ಒಂದೂ ಉಳಿಯದಂತೆ ನೋಡಿಕೊಳ್ಳಿ.

ಜೋಡಿಸಿ ಮುಗಿದ ಮೇಲೆ ನಾನು ಒಂದು ಸಣ್ಣ ಕಾರ್ಡ್ ಬರೆದು, ಪ್ಲಾಸ್ಟಿಕ್ ಹೊದಿಸಿ, ಸೀಟಿನ ಕೆಳಗೆ ಕಟ್ಟಿದ್ದೇನೆ: ಚೈನ್ 292 ಕೊಂಡಿ, ಸೀಟ್ 45 ಡಿಗ್ರಿ, ಮುಂದಿನ ಟೈರ್ 406, ರಾಟೆಯ ಬೇರಿಂಗ್ 608, ವಾಷರ್ 2. ಮಾಮಾ ರಜೆಗೆ ಬಂದಾಗ ಅವರ ಕಾಲಿಗೆ ಕೊಳವೆ ಎಲ್ಲಿ ನಿಲ್ಲಬೇಕು ಅನ್ನುವ ಎರಡನೇ ಗುರುತೂ ಅದರಲ್ಲಿದೆ.